ಎರಡು ತಂತಿಯ ವಿಮಾನ

ಈ ಪುಟ್ಟ ವಿಮಾನದಲ್ಲಿ ರೇಡಿಯೋ ಇಲ್ಲ. ಕೈಯ ಹಿಡಿಕೆಯಿಂದ ರೆಕ್ಕೆವರೆಗೆ ಎರಡು ತೆಳು ಉಕ್ಕಿನ ತಂತಿ, ಅಷ್ಟೇ. ನೀವು ನಡುವೆ ನಿಂತು ತಿರುಗುತ್ತೀರಿ, ವಿಮಾನ ನಿಮ್ಮ ಸುತ್ತ ಹಾರುತ್ತದೆ. 1940ರ ದಶಕದಲ್ಲಿ ಈ ಆಟವನ್ನು ಅಮೆರಿಕದ ಹುಡುಗರ ಕೈಗೆ ತಲುಪಿಸಿದವರು ಪೋರ್ಟ್‌ಲ್ಯಾಂಡಿನ ಜಿಮ್ ವಾಕರ್, ತಮ್ಮ ‘ಫೈರ್‌ಬಾಲ್’ ಮಾದರಿಯ ಮೂಲಕ.

ಒಳಗೆ ನೋಡಿ. ತಂತಿಗಳು ಸೇರುವುದು ಬೆಲ್‌ಕ್ರ್ಯಾಂಕ್ ಎಂಬ ಚಿಕ್ಕ ತ್ರಿಕೋನದ ತುಂಡಿಗೆ. ಮಣಿಕಟ್ಟು ಹಿಂದಕ್ಕೆ ಬಾಗಿಸಿದರೆ ಅದು ತಿರುಗುತ್ತದೆ, ಬಾಲದ ಅಲುಗುವ ಪಟ್ಟಿ, ಅಂದರೆ ಎಲಿವೇಟರ್, ಏಳುತ್ತದೆ. ಮೂಗು ಮೇಲಕ್ಕೆ!

ಬಾಲ್ಸಾ ಮರ ಕೊಯ್ದು ಅಂಟಿಸುವುದು ಸುಲಭ. ತೂಕ ಹೊಂದಿಸುವುದೇ ನಿಜವಾದ ಕಸುಬು. ಮೊದಲ ಹಾರಾಟಕ್ಕೆ ಮೂಗು ಕೊಂಚ ಭಾರವೇ ಇರಲಿ. ಬಾಲ ಭಾರವಾದರೆ ವಿಮಾನ ಮಾತು ಕೇಳುವುದಿಲ್ಲ. ಹೊರಗಿನ ರೆಕ್ಕೆಯ ತುದಿಯಲ್ಲಿ ಒಂದು ಸೀಸದ ಚೂರು ಇಡಿ. ಒಳಗಿನ ರೆಕ್ಕೆ ತಂತಿಯ ಭಾರ ಹೊತ್ತಿದೆಯಲ್ಲ, ಅದಕ್ಕೆ. ತಂತಿ ಸಡಿಲವಾಯಿತೋ, ಹಿಡಿತ ಹೋಯಿತು.

ಹಾರಿಸುವ ಮುನ್ನ ತಂತಿಯನ್ನು ಜೋರಾಗಿ ಜಗ್ಗಿ ನೋಡಿ. ಕರೆಂಟ್ ತಂತಿಗಳ ಹತ್ತಿರ ಮಾತ್ರ ಖಂಡಿತ ಬೇಡ, ಜೀವಕ್ಕೇ ಅಪಾಯ. ಗಾಳಿ ವಿಮಾನವನ್ನು ನಿಮ್ಮಿಂದ ಆಚೆಗೆ ತಳ್ಳುವ ಕಡೆ ಅದು ನೆಲ ಬಿಡಲಿ.

ತಲೆ ಸುತ್ತುತ್ತಿದೆಯೇ? ಕಣ್ಣು ವಿಮಾನದ ಮೇಲೇ ಇರಲಿ. ಎಂಜಿನ್ ನಿಂತ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿದು ತಂತಿ ಬಿಗಿ ಮಾಡಿ, ಮೆಲ್ಲಗೆ ಹುಲ್ಲಿಗೆ ಇಳಿಸಿ.