ಜನ ಕಡಿಮೆಯಾದರೆ ಮೇಷ್ಟ್ರ ಕೆಲಸ ಹೆಚ್ಚುತ್ತದೆಯೇ?

ಜಪಾನಿನಲ್ಲಿ ದುಡಿಯುವ ಕೈಗಳಿಗೆ ಬರ ಬಂದಿದೆ, ಹಾಗಾಗಿ ಅರ್ಥಶಾಸ್ತ್ರ ಓದಿಕೊಂಡು ಹೋದರೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸ ಸಲೀಸಾಗಿ ಸಿಗುತ್ತದೆ ಎಂದು ನಂಬಿದವರಿದ್ದಾರೆ. ಬರದ ಮಾತು ನಿಜ. ಆದರೆ ಅದರಿಂದ ಪಾಠದ ಕೆಲಸ ಹುಟ್ಟುವುದಿಲ್ಲ. ವೃದ್ಧರ ಆರೈಕೆಗೆ, ಕಟ್ಟಡದ ಕೆಲಸಕ್ಕೆ ಆಳು ಸಿಗದಿರುವುದು ಹುಟ್ಟುವವರು ಕಡಿಮೆಯಾದದ್ದರಿಂದ. ತರಗತಿಯ ಬೆಂಚು ಖಾಲಿ ಬೀಳುತ್ತಿರುವುದೂ ಅದೇ ಕಾರಣಕ್ಕೆ. 1992ರಲ್ಲಿ ಅಲ್ಲಿ ಹದಿನೆಂಟರ ವಯಸ್ಸಿನವರು ಸುಮಾರು 20.5 ಲಕ್ಷ ಇದ್ದರು, ಈಗ ಸುಮಾರು 11 ಲಕ್ಷ. 2024ರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಸೀಟುಗಳು ಪೂರ್ತಿ ತುಂಬಲಿಲ್ಲ. ಬೇಡಿಕೆ, ಪೂರೈಕೆಯನ್ನೇ ಓದಿದವರು ಈ ಲೆಕ್ಕ ಮರೆಯುವುದು ಸ್ವಲ್ಪ ತಮಾಷೆಯೇ.

ಇನ್ನೊಂದು ತಪ್ಪು ನಮ್ಮೂರಿನ ಅಳತೆಗೋಲನ್ನು ಅಲ್ಲಿಗೂ ಒಯ್ಯುವುದು. ಇಲ್ಲಿ ಎಂ.ಎ. ಮಾಡಿ ನೆಟ್ ಇಲ್ಲವೇ ಕೆ-ಸೆಟ್ ಪಾಸಾದರೆ ಪದವಿ ಕಾಲೇಜಿನ ಹುದ್ದೆಗೆ ಅರ್ಜಿ ಹಾಕಬಹುದು. ಜಪಾನಿನಲ್ಲಿ ಅಂಥ ಅರ್ಹತಾ ಪರೀಕ್ಷೆಯಿಲ್ಲ, ತೂಗುವುದು ಪಿಎಚ್.ಡಿ. ಮತ್ತು ಪ್ರಕಟವಾದ ಪ್ರಬಂಧಗಳನ್ನು. ಹಾಗೆ ನೋಡಿದರೆ ಬೆಂಗಳೂರಿನ ಮಾರೇನಹಳ್ಳಿಯ ಪದವೀಧರರಿಗೆ ಟೋಕಿಯೋ ದಾರಿ ಕೆಲವೇ ಕಿಲೋಮೀಟರ್ ಆಚೆ, ನಾಗರಭಾವಿಯಲ್ಲೇ ಶುರುವಾಗಬಹುದು: ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಅಲ್ಲಿದೆ. ಇಲ್ಲಿ ಪಿಎಚ್.ಡಿ. ಮುಗಿಸಿದ ಆರು ವರ್ಷದೊಳಗೆ, ಜಪಾನಿನಲ್ಲಿ ಸಂಶೋಧನೆ ನಡೆಸಲು ಕೊಡುವ ಜೆಎಸ್‌ಪಿಎಸ್ ಫೆಲೋಶಿಪ್‌ಗೆ ಪ್ರಯತ್ನಿಸಬಹುದು. ಆದರೆ ಅದರ ಸಾಮಾನ್ಯ ಆಯ್ಕೆಯಲ್ಲಿ ಅರ್ಜಿ ಕಳಿಸುವುದು ಅಭ್ಯರ್ಥಿಯಲ್ಲ, ಆತನನ್ನು ಕರೆಸಿಕೊಳ್ಳಲು ಒಪ್ಪಿದ ಜಪಾನಿನ ಪ್ರಾಧ್ಯಾಪಕರು, ತಮ್ಮ ಸಂಸ್ಥೆಯ ಮೂಲಕ. ಪಿಎಚ್.ಡಿ.ಗೆ ಇನ್ನೂ ಸೇರದವರಿಗೆ ಅಲ್ಲಿನ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನವೇ ಮೇಲೆನಿಸುತ್ತದೆ. ಓದಿನ ಜೊತೆಗೆ ಭಾಷೆ, ಗುರುವಿನ ಪರಿಚಯ ಎರಡೂ ದಕ್ಕುತ್ತವೆ.

ಇಂಗ್ಲಿಷ್ ಸಾಲದೇ ಎಂದು ಕೇಳುವವರ ಬಳಿ ಉದಾಹರಣೆಗಳಿವೆ: ಟೋಕಿಯೋದ ಗ್ರಿಪ್ಸ್, ನೀಗಾಟಾದ ಇಂಟರ್‌ನ್ಯಾಷನಲ್ ಯೂನಿವರ್ಸಿಟಿ ಆಫ್ ಜಪಾನ್, ಬೆಪ್ಪುವಿನ ರಿತ್ಸುಮೇಕನ್ ಏಷ್ಯಾ ಪೆಸಿಫಿಕ್. ಪಾಠ ಅಲ್ಲಿ ಇಂಗ್ಲಿಷಿನಲ್ಲೂ ನಡೆಯುತ್ತದೆ, ಸರಿ. ಆದರೆ ಅಂಥ ಹುದ್ದೆಗಳಿಗೆ ಸ್ಪರ್ಧಿಸುವವರು ಇಡೀ ಜಗತ್ತಿನವರು. ಉಳಿದ ಬಹುಪಾಲು ಕಡೆ ವಿಭಾಗದ ಸಭೆ, ಪ್ರವೇಶ ಪರೀಕ್ಷೆಯ ಕೆಲಸ, ಕಡತ ಎಲ್ಲವೂ ಜಪಾನಿ ಭಾಷೆಯಲ್ಲೇ. ಇಷ್ಟು ಕೇಳಿದ ಕೆಲವರು ತದ್ವಿರುದ್ಧ ತುದಿಗೆ ಹಾರಿ, ಹೊರಗಿನವರನ್ನು ಅಲ್ಲಿ ಖಾಯಂ ಮಾಡುವುದೇ ಇಲ್ಲ ಎನ್ನುತ್ತಾರೆ. ಅದು ಹಳೆಯ ಕತೆ. ರಾಷ್ಟ್ರೀಯ ವಿಶ್ವವಿದ್ಯಾಲಯಗಳಲ್ಲಿ ವಿದೇಶಿಯರು ಪೂರ್ಣ ಪ್ರಮಾಣದ ಪ್ರಾಧ್ಯಾಪಕರಾಗಲು ಇದ್ದ ತಡೆಯನ್ನು 1982ರ ಕಾನೂನು ತೆಗೆಯಿತು. ಇವತ್ತಿನ ತೊಡಕು ಅವಧಿಯ ಒಪ್ಪಂದ, ಜಪಾನಿನವರು ‘ನಿನ್ಕಿ’ ಎನ್ನುವುದು. ಅದು ಅಲ್ಲಿಯ ಯುವ ಸಂಶೋಧಕರನ್ನೂ ಕಾಡುತ್ತಿದೆ. ಹುದ್ದೆಗಳ ಜಾಹೀರಾತು ಬರುವ ಸರ್ಕಾರಿ ತಾಣ ಜೆರೆಕ್-ಇನ್‌ನಲ್ಲಿ ಸಂಬಳಕ್ಕೂ ಮೊದಲು ನೋಡಬೇಕಾದದ್ದು ಎರಡು: ಒಪ್ಪಂದ ಎಷ್ಟು ವರ್ಷಕ್ಕೆ, ಪಾಠ ಯಾವ ಭಾಷೆಯಲ್ಲಿ.