ಕಾಲು ಬಂದ ಕಲ್ಲುಗಳು

ತಕ್ಕಡಿಯ ಅಡಿಗೆ ಅಯಸ್ಕಾಂತ ಅಂಟಿಸಿದ ವ್ಯಾಪಾರಿ ಸಿಕ್ಕಿಬಿದ್ದರೆ ಇಡೀ ಸಂತೆ ಛೀಮಾರಿ ಹಾಕುತ್ತದೆ. ಅಧಿಕಾರಿಗಳು ಬಂದು ದಂಡ ಕಟ್ಟಿಸುತ್ತಾರೆ. ಅದೇ ಕೈಚಳಕವನ್ನು ದೊಡ್ಡ ವಿದ್ವಾಂಸರೊಬ್ಬರು ವಿಜ್ಞಾನ ಪತ್ರಿಕೆಯಲ್ಲಿ ತೋರಿಸಿದರೆ? ಇಪ್ಪತ್ತು ವರ್ಷ ದಾಟಿದರೂ ಕೇಳುವವರಿಲ್ಲ! ಕಟ್ಟುಕತೆಯಲ್ಲ ಸ್ವಾಮಿ, ಚಂಡೀಗಢದಲ್ಲಿ ನಡೆದದ್ದು.

ಪಂಜಾಬ್ ವಿಶ್ವವಿದ್ಯಾಲಯದ ಭೂವಿಜ್ಞಾನ ಪ್ರಾಧ್ಯಾಪಕ ವಿಶ್ವಜಿತ್ ಗುಪ್ತಾ 1960ರ ದಶಕದಿಂದಲೂ ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ನೂರಾರು ಲೇಖನ ಬರೆದರು. ಬಂಡೆಯ ವಯಸ್ಸು ಹೇಳುವುದು ಅದರೊಳಗಿನ ಪಳೆಯುಳಿಕೆ. ಅದೇ ಸುಳ್ಳಾದರೆ ಬಂಡೆಯ ಲೆಕ್ಕವೂ ಸುಳ್ಳು, ಆ ಲೆಕ್ಕ ನಂಬಿ ಓದಿದ ಹುಡುಗರ ಪದವಿಗೂ ಪೆಟ್ಟು.

ಪ್ಯಾರಿಸ್ಸಿನ ಅಂಗಡಿ ಮಾಲು

ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ ಎಂಬ ವಿಜ್ಞಾನಿಗೆ ಅನುಮಾನ ಬಂತು. ಹಿಮಾಲಯದ್ದೆಂದು ಅಚ್ಚಾದ ಸುರುಳಿ ಕಲ್ಲುಗಳು (ನಮ್ಮ ದೇವರಮನೆಯ ಸಾಲಿಗ್ರಾಮದೊಳಗಿನ ಸುರುಳಿಯ ದೂರದ ನೆಂಟರೆನ್ನಿ) ಮೊರಾಕೊ ದೇಶದವುಗಳಂತೆಯೇ ಇದ್ದವು. ಅಂಥವು ಪ್ಯಾರಿಸ್ಸಿನ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಗುತ್ತಿದ್ದವು! ಇನ್ನು ಕೆಲವು ಸಣ್ಣ ಪಳೆಯುಳಿಕೆಗಳು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಳ್ಳವೊಂದರಲ್ಲಿ ಸಿಗುವ ಮಾಲು.

1987ರಲ್ಲಿ ಕೆನಡಾದ ಕ್ಯಾಲ್ಗರಿ ಸಮ್ಮೇಳನದಲ್ಲಿ ಗುಪ್ತಾ ಎದುರಿಗೇ ಮಾತು ಬಂತು. 1989ರಲ್ಲಿ 'ನೇಚರ್' ಪತ್ರಿಕೆ ಟ್ಯಾಲೆಂಟ್ ಅವರ ಲೇಖನ ಪ್ರಕಟಿಸಿತು. ಗುಪ್ತಾ ಎಲ್ಲವನ್ನೂ ನಿರಾಕರಿಸಿದರು. ಕೊನೆಗೆ ನಿವೃತ್ತ ಮುಖ್ಯ ನ್ಯಾಯಮೂರ್ತಿಯೊಬ್ಬರ ವಿಚಾರಣೆಯಲ್ಲಿ ತಪ್ಪು ಸಾಬೀತಾಯಿತು. ಆದರೆ ಕೆಲಸ? ಅದು ಹೋಗಲಿಲ್ಲ. 2002ರಲ್ಲಿ ಅವರು ನಿವೃತ್ತರಾದರು.

ರುಜು ಹಾಕಿದವರು

ಗುಪ್ತಾ ಒಬ್ಬರೇ ಬರೆದದ್ದಲ್ಲ. ಜೊತೆ ಲೇಖಕರು ಅನೇಕರು. ಕಲ್ಲು ಸಿಕ್ಕ ಜಾಗಕ್ಕೆ ಹೋಗದೆ, ಅವರು ತಂದುಕೊಟ್ಟ ಕಲ್ಲನ್ನಷ್ಟೇ ನೋಡಿ ಹೆಸರು ಸೇರಿಸಲು ಒಪ್ಪಿದವರೂ ಇದ್ದರು. ಪತ್ರಿಕೆಗಳು ಲೇಖನವನ್ನು ವಿಷಯ ಬಲ್ಲ ಒಬ್ಬಿಬ್ಬರಿಗೆ ಕಳಿಸಿ ಅಭಿಪ್ರಾಯ ಕೇಳುತ್ತವೆ. ಅವರು ಓದುವುದು ಕಾಗದವನ್ನು. ಬೆಟ್ಟ ಹತ್ತಿ ನೋಡುವವರು ಯಾರು?

ನೂರಕ್ಕೆ ಎಷ್ಟು ಕದ್ದರೆ ಕಳ್ಳ?

2018ರಲ್ಲಿ ಯುಜಿಸಿ ಕೃತಿಚೌರ್ಯಕ್ಕೆ ಕಾನೂನು ತಂದಿತು. ಮೈಸೂರು, ಧಾರವಾಡದ ವಿಶ್ವವಿದ್ಯಾಲಯಗಳಿಗೂ ಅದು ಅನ್ವಯ. ಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ ನೂರಕ್ಕೆ 10ರವರೆಗೆ ಇದ್ದರೆ ಶಿಕ್ಷೆ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60ರವರೆಗೆ ಹೋದರೆ ಒಂದು ವರ್ಷ ಬಾಗಿಲು ಬಂದ್. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಮೇಷ್ಟ್ರುಗಳ ಪ್ರಕಟಿತ ಲೇಖನದಲ್ಲಿ ಹೋಲಿಕೆ 40 ದಾಟಿದರೆ ಇನ್‌ಕ್ರಿಮೆಂಟಿಗೂ ಕತ್ತರಿ.

ಒಳ್ಳೆಯದೇ. ಆದರೆ ಲೆಕ್ಕ ಹಾಕುವುದು ಕಂಪ್ಯೂಟರು. ಅದಕ್ಕೆ ಗೊತ್ತಾಗುವುದು ಕದ್ದ ಮಾತು ಮಾತ್ರ. ಸ್ವಂತ ಮಾತಿನಲ್ಲಿ ಬರೆದ ಸುಳ್ಳು ಅದರ ಕೈಗೆ ಸಿಗುವುದಿಲ್ಲ. ಮೊರಾಕೊದ ಕಲ್ಲನ್ನು ಹಿಮಾಲಯದ್ದೆಂದು ಸ್ವಂತ ವಾಕ್ಯದಲ್ಲಿ ಬರೆದವನಿಗೆ ಈ ಯಂತ್ರ ಇಂದಿಗೂ ಸಲಾಮು ಹೊಡೆದು ಒಳಗೆ ಬಿಡುತ್ತದೆ!

ಪೇಟೆಯ ಕಿರಾಣಿ ಅಂಗಡಿಯವನಿಗೆ ಪಳೆಯುಳಿಕೆ ಶಾಸ್ತ್ರ ಗೊತ್ತಿಲ್ಲದಿರಬಹುದು. ಆದರೆ ಹೊಸ ಮೂಟೆ ಬಂದಾಗ ಅವನು ಮೊದಲು ಕೇಳುವುದು, "ಮಾಲು ಎಲ್ಲಿಂದ ಬಂತಪ್ಪಾ? ಬಿಲ್ಲು ಎಲ್ಲಿ?" ಗುಪ್ತಾ ಜೊತೆ ರುಜು ಹಾಕಿದವರು ಅಷ್ಟು ಕೇಳಿದ್ದರೆ ಸಾಕಿತ್ತು.