ಹುತ್ತದೊಳಗೊಂದು ಅಣಬೆ ತೋಟ

ಮಕ್ಕಳೇ, ಒಂದು ದೊಡ್ಡ ಮರ ಪ್ರತಿವರ್ಷ ಸಾವಿರಾರು ಎಲೆಗಳನ್ನು ಉದುರಿಸುತ್ತದೆ. ಆದರೂ ಕಾಡಿನಲ್ಲಿ ತರಗೆಲೆಗಳು ಬೆಟ್ಟದಂತೆ ರಾಶಿ ಬೀಳುವುದಿಲ್ಲ. ಹಾಗಾದರೆ ಅವೆಲ್ಲ ಎಲ್ಲಿಗೆ ಹೋಗುತ್ತವೆ?

ಸತ್ತ ಸಸ್ಯ ಮತ್ತು ಪ್ರಾಣಿಗಳನ್ನು ಕೊಳೆಯಿಸಿ ಮಣ್ಣಿಗೆ ಸೇರಿಸುವ ಜೀವಿಗಳನ್ನು ವಿಘಟಕಗಳು ಎನ್ನುತ್ತಾರೆ. ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಇವುಗಳಲ್ಲಿ ಮುಖ್ಯವಾದವು. ಹಳಸಿದ ರೊಟ್ಟಿಯ ಮೇಲಿನ ಬೂಷ್ಟು, ಮಳೆಗಾಲದ ಅಣಬೆ ಇವೆಲ್ಲ ಶಿಲೀಂಧ್ರಗಳೇ. ಎರೆಹುಳು, ಗೆದ್ದಲು ಮೊದಲಾದವು ಎಲೆ, ಕಡ್ಡಿಗಳನ್ನು ಚೂರು ಮಾಡಿ ಈ ಕೆಲಸಕ್ಕೆ ನೆರವಾಗುತ್ತವೆ.

ಬಾಳೆಹಣ್ಣಿನ ಸಿಪ್ಪೆ ಬೇಗ ಕೊಳೆಯುತ್ತದೆ. ಒಣ ಕಟ್ಟಿಗೆ ಹಾಗಲ್ಲ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಅದರಲ್ಲಿದೆ. ಇದನ್ನು ಜೀರ್ಣಿಸಿಕೊಳ್ಳುವುದು ಹೆಚ್ಚಿನ ಪ್ರಾಣಿಗಳಿಗೆ ಸಾಧ್ಯವಿಲ್ಲ. ಆದರೆ ಕೆಲವು ಶಿಲೀಂಧ್ರಗಳು ಇದನ್ನು ಒಡೆಯಬಲ್ಲವು. ನಮ್ಮ ಹೊಲದ ಬದುಗಳಲ್ಲಿ ಹುತ್ತ ಕಟ್ಟುವ ಗೆದ್ದಲುಗಳು ಅಂಥ ಒಂದು ಶಿಲೀಂಧ್ರವನ್ನೇ ಸಾಕಿಕೊಂಡಿವೆ!

ಕೆಲಸಗಾರ ಗೆದ್ದಲುಗಳು ಒಣ ಎಲೆ, ಕಡ್ಡಿಗಳನ್ನು ತಿಂದು ಹುತ್ತಕ್ಕೆ ಮರಳುತ್ತವೆ. ಅರೆಬರೆ ಜೀರ್ಣವಾದ ಆ ಆಹಾರವನ್ನು ಹಿಕ್ಕೆಯಾಗಿ ಹಾಕಿ, ಸ್ಪಂಜಿನಂಥ ಗೂಡನ್ನು ಕಟ್ಟುತ್ತವೆ. ಹಿಕ್ಕೆಯ ಜೊತೆ ಶಿಲೀಂಧ್ರದ ಬೀಜಾಣುಗಳೂ ಇರುತ್ತವೆ. ಹುತ್ತದೊಳಗಿನ ಬೆಚ್ಚಗಿನ ತೇವದಲ್ಲಿ ಶಿಲೀಂಧ್ರ ಹಬ್ಬಿ, ಗಟ್ಟಿ ವಸ್ತುವನ್ನು ಮೆತ್ತಗೆ ಮಾಡುತ್ತದೆ. ಆಮೇಲೆ ಗೆದ್ದಲುಗಳು ಆ ಶಿಲೀಂಧ್ರವನ್ನೂ ಹಳೆಯ ಗೂಡನ್ನೂ ತಿನ್ನುತ್ತವೆ. ಮನುಷ್ಯ ಬೇಸಾಯ ಕಲಿತು ಸುಮಾರು 10 ಸಾವಿರ ವರ್ಷಗಳಾಗಿವೆ. ಗೆದ್ದಲುಗಳ ಈ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷಗಳ ಇತಿಹಾಸವಿದೆ!

ಮಳೆ ಬಿದ್ದ ಮೇಲೆ ಹುತ್ತದ ಬಳಿ ಏಳುವ ಅಣಬೆಗಳು ಈ ತೋಟದವೇ. ಅವುಗಳ ಬುಡ ಬೇರಿನಂತೆ ಉದ್ದವಾಗಿ, ನೆಲದೊಳಗಿನ ಗೂಡಿನವರೆಗೂ ಇಳಿದಿರುತ್ತದೆ.

ಗೆದ್ದಲು ಬಾಗಿಲು, ಪುಸ್ತಕಗಳನ್ನು ಹಾಳು ಮಾಡುವುದು ನಿಜ. ಆದರೆ ಜಗತ್ತಿನಲ್ಲಿರುವ ಸುಮಾರು 3000 ಜಾತಿಯ ಗೆದ್ದಲುಗಳಲ್ಲಿ ಬಹುಪಾಲು ಜಾತಿಗಳು ಮನೆಯ ತಂಟೆಗೆ ಬರುವುದಿಲ್ಲ. ಅವು ಮಣ್ಣನ್ನು ಸಡಿಲಗೊಳಿಸುತ್ತವೆ, ಮಳೆನೀರು ಇಂಗಲು ದಾರಿ ಮಾಡುತ್ತವೆ. ಇರುವೆ, ಹಕ್ಕಿ, ಕಪ್ಪೆಗಳಿಗೆ ಆಹಾರವಾಗುತ್ತವೆ. ಹೀಗೆ ಸತ್ತ ಎಲೆಯಲ್ಲಿದ್ದ ಸಾರಜನಕ, ರಂಜಕ ಮುಂತಾದ ಪೋಷಕಾಂಶಗಳು ಮತ್ತೆ ಮಣ್ಣಿಗೆ, ಅಲ್ಲಿಂದ ಗಿಡಕ್ಕೆ ಸೇರುತ್ತವೆ.

ಅದೇ ತರಗೆಲೆಗಳನ್ನು ಗುಡಿಸಿ ಬೆಂಕಿ ಹಚ್ಚಿದರೆ ಏನಾಗುತ್ತದೆ? ಅವುಗಳಲ್ಲಿದ್ದ ಸಾರಜನಕದ ಹೆಚ್ಚಿನ ಭಾಗ ಹೊಗೆಯೊಡನೆ ಗಾಳಿಗೆ ಸೇರಿಹೋಗುತ್ತದೆ. ವಿಘಟಕಗಳಿಗೆ ಊಟವಿಲ್ಲ, ಗಿಡಕ್ಕೆ ಗೊಬ್ಬರವಿಲ್ಲ! ಆದ್ದರಿಂದ ಶಾಲೆಯ ಅಂಗಳದ ಎಲೆಗಳನ್ನು ಸುಡದೆ ಗುಂಡಿಗೆ ಹಾಕಿ ಗೊಬ್ಬರ ಮಾಡಬಹುದಲ್ಲವೇ?

ಮಾಡಿ ನೋಡಿ: ಒಂದು ಕುಂಡದಲ್ಲಿ ತೋಟದ ಮಣ್ಣು ತುಂಬಿ. ಒಂದು ಒಣ ಎಲೆ, ಒಂದು ಬಾಳೆಹಣ್ಣಿನ ಸಿಪ್ಪೆ, ಒಂದು ಕಡ್ಡಿ, ಒಂದು ಪ್ಲಾಸ್ಟಿಕ್ ಚೂರನ್ನು ಬೇರೆ ಬೇರೆ ಕಡೆ ಹೂಳಿ. ಮಣ್ಣು ಒಣಗದಂತೆ ಆಗಾಗ ನೀರು ಚಿಮುಕಿಸಿ. ವಾರಕ್ಕೊಮ್ಮೆ ತೆಗೆದು ನೋಡಿ, ಕಂಡದ್ದನ್ನು ಬರೆದಿಡಿ. ಯಾವುದು ಮೊದಲು ಕರಗಿತು? ಯಾವುದು ಹಾಗೆಯೇ ಉಳಿಯಿತು? ಏಕೆ?

ಎಚ್ಚರಿಕೆ: ಹುತ್ತಗಳಲ್ಲಿ ಹಾವುಗಳಿರಬಹುದು, ಕೈ ಹಾಕಬೇಡಿ. ಕೆಲವು ಅಣಬೆಗಳು ವಿಷವಾಗಿರುತ್ತವೆ. ಗೊತ್ತಿಲ್ಲದ ಅಣಬೆಯನ್ನು ತಿನ್ನಬೇಡಿ.